ಹಾಲಮ್ಮತ್ತೆಯ ಕೈ, ನನ್ನ ಐದು ವೋಲ್ಟ್

ಹಾಲಮ್ಮತ್ತೆಯ ಕೈಗೆ ಯಾವ ರೋಗವೂ ಇರಲಿಲ್ಲ. ನರ ಸರಿಯಿತ್ತು, ರಕ್ತ ಸರಿಯಿತ್ತು, ವಯಸ್ಸೂ ಅಂಥದ್ದೇನೂ ಆಗಿರಲಿಲ್ಲ. ರೋಗವಿದ್ದದ್ದು ನಾನು ಮಾಡಿಕೊಟ್ಟ ಪೆಟ್ಟಿಗೆಯೊಳಗೆ. ಇದು ನನಗೆ ಐದು ವರ್ಷದಿಂದ ಗೊತ್ತು. ಗೊತ್ತಿದ್ದೂ — ಹೇಗೆ ಬರೆಯಲಿ ಇದನ್ನು — ಗೊತ್ತಿದ್ದೂ, ಆಕೆ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡು ಕುಂಟುತ್ತ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ, "ಹೆಂಗದೀ ಅತ್ತಿ?" ಎಂದು ಕೇಳುತ್ತಿದ್ದೆ. ಕೇಳದೆ ಕೌಂಟರಿನ ಕೆಳಗೆ ಅಡಗಿ ಕೂತಿದ್ದರೂ ಇಷ್ಟು ಪಾಪ ಬರುತ್ತಿರಲಿಲ್ಲವೇನೋ.

ನನ್ನ ಹೆಸರು ಕೊಟ್ರೇಶ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಿಕ್ಸಿ, ಫ್ಯಾನು, ಟಿವಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಡಿಪ್ಲೊಮಾದಲ್ಲಿ ಎರಡು ವಿಷಯ ಉಳಿದಿದ್ದವು, ಇನ್ನೂ ಉಳಿದಿವೆ. ಆದರೂ ಓಣಿಯವರು ನನ್ನನ್ನು ಇಂಜಿನಿಯರ್ ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ತಿದ್ದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಈಗೀಗ ಅನ್ನಿಸುತ್ತದೆ — ಆದರೆ ಆ ಮಾತು ಹೆಸರಿನ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ, ಬೇಡ.

ಹಾಲಮ್ಮ ನನಗೆ ರಕ್ತಸಂಬಂಧದ ಅತ್ತೆಯಲ್ಲ. ನಮ್ಮವ್ವನ ಗೆಳತಿ, ನಮ್ಮ ಮನೆಯಿಂದ ಮೂರನೇ ಮನೆ. ಆಗ ಗುರುಬಸಣ್ಣನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಆಕೆಯದಾಗಿತ್ತು. ಅದನ್ನು ಬರೀ ಕೆಲಸ ಎಂದರೆ ಆಕೆಗೆ ಸಿಟ್ಟು ಬರುತ್ತದೆ. ಆಕೆ ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಕೂತವರ ಮುಖ ಕಾಣುತ್ತದೆ ಎಂದು ಕೂಡ್ಲಿಗಿಯ ಕಡೆಯವರು ಹೇಳುತ್ತಿದ್ದರು. ನಾನು ಹಿಡಿದು ನೋಡಿದ್ದೇನೆ, ಮುಖವೇನೂ ಕಾಣುವುದಿಲ್ಲ, ಆದರೆ ಆ ಮಾತು ಸುಳ್ಳೆಂದು ಹೇಳುವ ಮನಸ್ಸೂ ಆಗುವುದಿಲ್ಲ.

ಆಕೆಗೆ ಎರಡು ಕಟ್ಟುನಿಟ್ಟು. ಒಲೆಯ ಹತ್ತಿರ ಚಪ್ಪಲಿ ಹಾಕಬಾರದು — ಅದು ಸೌದೆಯ ಒಲೆಯಾಗಲಿ, ಗ್ಯಾಸಾಗಲಿ, ಕೊನೆಗೆ ನನ್ನ ಕರೆಂಟಿನದಾಗಲಿ. ಎರಡನೆಯದು, ಹಂಚಿನ ಮೇಲಿನ ರೊಟ್ಟಿಗೆ ನೀರನ್ನು ಅಂಗೈಯಿಂದಲೇ ಸವರಬೇಕು. ಉಳಿದವರು ಒದ್ದೆ ಬಟ್ಟೆಯಿಂದ ಸವರುತ್ತಾರೆ. ಆಕೆಗೆ ಅದು ಸೇರುವುದಿಲ್ಲ. "ಬಟ್ಟಿಲೆ ಹಚ್ಚಿದ್ರ ರೊಟ್ಟಿ ಬಟ್ಟಿ ನಾತ ಹೊಡಿತೈತಿ. ಅಂಗೈಗೆ ಗೊತ್ತಾಕ್ಕೈತಿ ರೊಟ್ಟಿ ಎಲ್ಲಿ ಬಾಯಾರೈತಿ ಅಂತ" ಎನ್ನುತ್ತಿದ್ದಳು.

ಈ ಎರಡು ಕಟ್ಟುನಿಟ್ಟೇ ಆಕೆಗೆ ಮುಳುವಾದದ್ದು. ನಾನೇ ಮುಳುವಾಗಿಸಿದ್ದು ಎನ್ನಬೇಕು.

ಗುರುಬಸಣ್ಣನಿಗೆ ಒಂದು ದಿನ ಹೊಳೆಯಿತು: ರೊಟ್ಟಿ ಬಡಿಯುವುದನ್ನು ಒಳಗೆ ಬಚ್ಚಿಡುವುದೇಕೆ? ಉಣ್ಣುವವರ ಕಣ್ಣ ಮುಂದೆಯೇ ಬಡಿಯಲಿ. ಹಾಗೆಂದು ಹಂಚನ್ನು ಹೊರಗೆ, ಊಟಗಾರರು ಕೂರುವ ಹಾಲಿಗೆ ತಂದ. ಹಾಲಿನಲ್ಲಿ ಫ್ಯಾನಿನ ಗಾಳಿಗೆ ಗ್ಯಾಸಿನ ಉರಿ ಅತ್ತಿತ್ತ ವಾಲಾಡಿ ರೊಟ್ಟಿ ಒಂದು ಕಡೆ ಹೊತ್ತಿತು, ಒಂದು ಕಡೆ ಹಸಿಯಾಯಿತು. ಫ್ಯಾನು ಆರಿಸಿದರೆ ಊಟಗಾರರು ಬೆವರಿನಲ್ಲಿ ಮಿಂದರು. ಆಗ ಆತ ನನ್ನಲ್ಲಿಗೆ ಬಂದ. "ಕರೆಂಟಿನ ಹಂಚು ಮಾಡಿಕೊಡ್ರಿ ಇಂಜಿನಿಯರ್ ಸಾಹೇಬ್ರ. ಒಂದ ಸಮ ಕಾಯಬೇಕು. ಹೊತ್ತಬಾರ್ದು, ಆರಬಾರ್ದು."

ಇಂಜಿನಿಯರ್ ಸಾಹೇಬ. ಸಾಹೇಬ ಎಂದು ಕರೆಸಿಕೊಂಡದ್ದು ಅದೇ ಮೊದಲು. ಆ ಕ್ಷಣದಲ್ಲಿ ಆತ ವಿಮಾನ ಕೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕು, ಯಾಕೆಂದರೆ ತಪ್ಪು ಎಲ್ಲಿದೆ ಎಂಬುದು ಇಲ್ಲೇ ಇದೆ. ಹೀಟರನ್ನು ಹೊತ್ತಿಸಿ ಆರಿಸಲು ನಾನು ಟ್ರಯಾಕ್ ಹಾಕಿದೆ. ಟ್ರಯಾಕ್ ಎಂದರೆ ಮೂರು ಕಾಲಿನ, ಹೆಬ್ಬೆರಳಿನ ಉಗುರಿನಷ್ಟು ಸಾಮಾನು. ಎರಡು ಕಾಲುಗಳ ನಡುವೆ ಮನೆಯ ಕರೆಂಟು ಹರಿಯಲು ಕಾದು ನಿಂತಿರುತ್ತದೆ, ಮೂರನೆಯ ಕಾಲು ಗೇಟು. ಗೇಟನ್ನು ಮೆಲ್ಲಗೆ ಚಿವುಟಿದರೆ ಬಾಗಿಲು ತೆರೆದು ಕರೆಂಟು ನುಗ್ಗುತ್ತದೆ. ಮನೆಯ ಕರೆಂಟು ಅಲೆಯಂತೆ ಏರಿಳಿಯುತ್ತದೆ; ಅಲೆ ಸೊನ್ನೆಗಿಳಿದಾಗ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಮತ್ತೆ ಚಿವುಟಬೇಕು. ಹಂಚು ಕಾದರೆ ಚಿವುಟುವುದನ್ನು ನಿಲ್ಲಿಸುವುದು, ತಣಿದರೆ ಮತ್ತೆ ಚಿವುಟುವುದು — ಪೆಟ್ಟಿಗೆಯ ಕೆಲಸ ಇಷ್ಟೇ.

ಚಿವುಟುವ ಕೆಲಸ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿನದು, ಅದಕ್ಕೆ ಐದು ವೋಲ್ಟ್ ಸಾಕು. ಗೋಡೆಯ ಇನ್ನೂರ ಮೂವತ್ತರಿಂದ ಐದನ್ನು ಪಡೆಯಲು ಎರಡು ದಾರಿಗಳಿವೆ. ಒಂದು, ಟ್ರಾನ್ಸ್‌ಫಾರ್ಮರ್. ಅದರೊಳಗೆ ಎರಡು ಸುರುಳಿ, ಒಂದಕ್ಕೊಂದು ತಾಗುವುದಿಲ್ಲ. ಆಚೆ ಮನೆಯವರು ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸುತ್ತಾರಲ್ಲ, ಹಾಗೆ — ಬಟ್ಟಲು ಬರುತ್ತದೆ, ಮನುಷ್ಯರು ಬರುವುದಿಲ್ಲ. ಇನ್ನೊಂದು ದಾರಿಯಲ್ಲಿ ಗೋಡೆಯೇ ಇಲ್ಲ. ಒಂದು ಕೆಪಾಸಿಟರ್, ಒಂದೆರಡು ಡಯೋಡ್ ಹಾಕಿ ಗೋಡೆಯ ಕರೆಂಟಿನಿಂದ ನೇರವಾಗಿ ಇಳಿಸಿಕೊಳ್ಳುವುದು. ಬಲು ಸಣ್ಣದು, ಬಲು ಹಗುರ. ಅದೇನೂ ತಪ್ಪು ವಿಧಾನವಲ್ಲ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಇದ್ದು ಯಾವ ತುದಿಯೂ ಮನುಷ್ಯರ ಕೈಗೆ ಸಿಗದಿದ್ದರೆ.

ನಾನು ಎರಡನೆಯ ದಾರಿ ಹಿಡಿದೆ. ಉಳಿತಾಯಕ್ಕಲ್ಲ. ಜಂಬಕ್ಕೆ. ಇಡೀ ಯಂತ್ರ ಒಂದು ಸೋಪಿನ ಡಬ್ಬಿಯೊಳಗೆ ಹಿಡಿಯಬೇಕು, ನೋಡಿದವರು "ಇಷ್ಟ ಐತೇನ್ರಿ?" ಎಂದು ಬೆರಗಾಗಬೇಕು — ಅದು ನನ್ನ ಆಸೆ. ಅದರಲ್ಲೂ ಒಂದು ಜಾಣತನ ಮಾಡಿದ್ದೆ. ಟ್ರಯಾಕಿನ ಗೇಟಿಗೆ ಕರೆಂಟು ತಳ್ಳುವುದಕ್ಕಿಂತ ಗೇಟಿನಿಂದ ಎಳೆದುಕೊಂಡರೆ ಅದು ಅಲೆಯ ಎರಡೂ ಮಗ್ಗುಲಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತದೆ. ಹಾಗೆ ಎಳೆಯಬೇಕಾದರೆ ಐದು ವೋಲ್ಟಿನ ಪ್ಲಸ್ ತುದಿಯನ್ನು ಗೋಡೆಯಿಂದ ಬಂದ ಒಂದು ತಂತಿಗೇ ಕಟ್ಟಬೇಕು. ಕಟ್ಟಿದೆ. ಇದು ಬಲ್ಲವರು ಮಾಡುವ ಕೆಲಸ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಐದು ವೋಲ್ಟ್ ಎಂದರೆ ಎರಡು ತುದಿಗಳ ನಡುವೆ ಐದು, ನಿಜ. ಆದರೆ ಆ ಐದು ನಿಂತಿದ್ದು ಎಲ್ಲಿ? ಇನ್ನೂರ ಮೂವತ್ತರ ಹೆಗಲ ಮೇಲೆ. ಅದನ್ನು ನಾನು ಮರೆತೆ. ಇಲ್ಲ, ಮರೆಯಲಿಲ್ಲ. ನೆನಪಿತ್ತು, ಆದರೆ...

ಶಾಖ ಅಳೆಯುವ ಸೆನ್ಸರನ್ನು ಹಂಚಿನ ಅಡಿಗೆ ಬಿಗಿದಿದ್ದೆ. ಟ್ರಯಾಕ್ ತೆರೆದಾಗಲೆಲ್ಲ ಅದರ ಲೆಕ್ಕ ಕುಣಿಯುತ್ತಿತ್ತು. ಕುಣಿತ ನಿಲ್ಲಿಸಲು ಸೆನ್ಸರಿನ ಲೋಹದ ಕವಚವನ್ನು ಒಂದು ಲಕ್ಷ ಓಮಿನ ರೆಸಿಸ್ಟರ್ ಮೂಲಕ ಅದೇ ಪ್ಲಸ್ ತುದಿಗೆ ಸೇರಿಸಿದೆ. ಕುಣಿತ ನಿಂತಿತು, ನಾನು ಕುಣಿದೆ. ಕವಚ ತಾಗಿದ್ದು ಹಂಚಿಗೆ. ಅಂದರೆ ಹಂಚು ಈಗ ಗೋಡೆಯ ತಂತಿಯ ನೆಂಟ. ನನ್ನ ಅಂಗಡಿಯ ಸಾಕೆಟ್ಟಿನಲ್ಲಿ ಆ ತಂತಿ ಶಾಕ್ ಹೊಡೆಯದ ನ್ಯೂಟ್ರಲ್ ಆಗಿತ್ತು, ಹಂಚು ತಣ್ಣಗೆ ಸಾಧುವಾಗಿತ್ತು. ಖಾನಾವಳಿಯ ಸಾಕೆಟ್ಟಿನಲ್ಲಿ ಫೇಸು-ನ್ಯೂಟ್ರಲ್ ಅದಲುಬದಲಾಗಿ ಅದೇ ತಂತಿಯಲ್ಲಿ ಕರೆಂಟಿತ್ತು, ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ತಿನ ತೂತಿಗೆ ತಂತಿಯೇ ಇರಲಿಲ್ಲ. ಅದನ್ನು ಪ್ಲಗ್ ಹಾಕುವ ಮುನ್ನ ನೋಡಬೇಕಾದವನು ನಾನು. ಜೇಬಿನಲ್ಲಿ ಟೆಸ್ಟರ್ ಇತ್ತು. ಪೆನ್ನಿನ ಪಕ್ಕದಲ್ಲೇ ಇತ್ತು.

ಕರೆಂಟನ್ನು ತಡೆದು ಹನಿಯಷ್ಟೇ ಬಿಡುವ ಆ ಒಂದು ಲಕ್ಷ ಓಮಿನ ರೆಸಿಸ್ಟರ್ ಇರದಿದ್ದರೆ — ಅದನ್ನು ನಾನು ಯಾರ ಸುರಕ್ಷತೆಗೂ ಹಾಕಿದ್ದಲ್ಲ, ಲೆಕ್ಕ ಕುಣಿಯದಿರಲೆಂದು ಹಾಕಿದ್ದು — ಅದು ಇರದಿದ್ದರೆ ಹಾಲಮ್ಮತ್ತೆ ಮೊದಲ ರೊಟ್ಟಿಗೇ ಸತ್ತುಹೋಗುತ್ತಿದ್ದಳು. ಈ ಸಾಲನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೆ. ಈಗ ಇರಲಿ.

ಹಂಚಿನ ಪೂಜೆಯಾಯಿತು. ಗುರುಬಸಣ್ಣ ಕಾಯಿ ಒಡೆದ. ಹಾಲಮ್ಮತ್ತೆ ನನ್ನ ಸೋಪಿನ ಡಬ್ಬಿಗೆ ಮೂರು ಬೆರಳಿನಿಂದ ವಿಭೂತಿ ಬಳಿದಳು. ಹಸಿರು ದೀಪ ಅದರಡಿ ಮುಚ್ಚಿಹೋಗಿ, ಅದನ್ನು ಕಾಣುವಂತೆ ಒರೆಸಲು ನಾನು ಅನುಮತಿ ಕೇಳಬೇಕಾಯಿತು. ಆಕೆಯ ಜೊತೆ ರೊಟ್ಟಿ ಬಡಿಯಲು ರೇಣುಕಾ ಎಂಬ ಹೊಸ ಹೆಂಗಸನ್ನೂ ಸೇರಿಸಿಕೊಂಡಿದ್ದರು. ರೇಣುಕಾ ರಬ್ಬರ್ ಚಪ್ಪಲಿ ಹಾಕಿಕೊಂಡೇ ನಿಂತು ಬಟ್ಟೆಯಿಂದ ನೀರು ಸವರಿದಳು. ಏನೂ ಆಗಲಿಲ್ಲ. ಹಾಲಮ್ಮತ್ತೆ ಬರಿಗಾಲಲ್ಲಿ, ಒದ್ದೆ ಬಂಡೆಗಲ್ಲಿನ ಮೇಲೆ ನಿಂತು ಅಂಗೈ ಅದ್ದಿ ರೊಟ್ಟಿಗೆ ಸವರಿದಳು.

"ಹಾಂ! ಏ ಕೊಟ್ರಾ, ಇದು ಜುಮ್ ಅಂತೈತಲೋ!"

"ಹೊಸಾದು ಅತ್ತಿ. ರೂಢಿ ಆಕ್ಕೈತಿ" ಎಂದೆ. ಕರೆಂಟಿಗೆ ರೂಢಿಯಾಗುವುದೆಂದರೇನು? ಎರಡು ವಿಷಯ ಉಳಿದವನೂ ಆಡಬಾರದ ಮಾತು ಅದು.

ಮೂರು ದಿನ ಆಕೆ ತಡೆದುಕೊಂಡಳು. ನಾಲ್ಕನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಕೈಯಲ್ಲಿದ್ದ ರೊಟ್ಟಿ ಬಿಟ್ಟು ಹಿಂದೆ ಸರಿದು ನಿಂತಳಂತೆ. ಗುರುಬಸಣ್ಣ ನನಗೆ ಫೋನು ಮಾಡಿದ. ನಾನು ಹೊಸ ಬೂಟು ಹಾಕಿಕೊಂಡು ಹೋದೆ. ಹೊಸ ಬೂಟಿಗೆ ಕಾರಣವಿತ್ತು: ಮುಂದಿನ ಭಾನುವಾರ ನಮ್ಮೂರಿನ ಒಂದು ಸಂಘದವರು ಈ ಹಂಚಿಗಾಗಿ ನನಗೆ "ತಾಲೂಕಿನ ಯುವ ಸಂಶೋಧಕ" ಎಂದು ಶಾಲು ಹೊದಿಸುವವರಿದ್ದರು. ನನಗಾಗ ಮೂವತ್ತೆಂಟು, ಆದರೆ ಯುವ ಎಂದು ಅವರೇ ಅಂದಿದ್ದರು. ಬೂಟನ್ನು ಪಳಗಿಸಲು ನಾಲ್ಕು ದಿನ ಮೊದಲೇ ಹಾಕಿಕೊಳ್ಳುತ್ತಿದ್ದೆ.

ಊಟದ ಹಾಲ್ ಜನರಿಂದ ತುಂಬಿತ್ತು. ಎಲ್ಲರೂ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ರೇಣುಕಾ, "ನನಗೇನ್ ಆಗಂಗಿಲ್ರಿ, ಅಮ್ಮಗಷ್ಟ ಆಕ್ಕೈತಿ" ಎಂದಳು. ಟೆಸ್ಟರ್ ತೆಗೆಯಬಹುದಿತ್ತು. ತೆಗೆದರೆ ನನಗೇ ನನ್ನ ಯಂತ್ರದ ಮೇಲೆ ಅನುಮಾನ ಎಂದು ಜನ ತಿಳಿಯುತ್ತಾರಲ್ಲ? ಅದಕ್ಕೆ ಸಿನಿಮಾದವರ ಥರ ತೋಳು ಮಡಚಿ, "ನೋಡ್ರಿ, ನಾನ ಮುಟ್ಟತೀನಿ" ಎಂದು ಎರಡು ಬೆರಳನ್ನು ಹಂಚಿನ ಮೇಲೆ ಊರಿದೆ.

ಶಾಕ್ ಹೊಡೆಯಲಿಲ್ಲ, ಬೂಟಿನ ರಬ್ಬರ್ ನನ್ನನ್ನು ಕಾಪಾಡಿತು. ಆದರೆ ಅದು ರೊಟ್ಟಿಯ ಹಂಚು. ರೊಟ್ಟಿ ಬೇಯುವಷ್ಟು ಕಾದಿತ್ತು, ನಾನೇ ಹಾಗೆ ಕಾಯುವಂತೆ ಮಾಡಿದ್ದೆ. ಬೆರಳು ಚುರ್ ಎಂದಿತು. ಕಣ್ಣಲ್ಲಿ ನೀರು ಬಂದರೂ ಮುಖದಲ್ಲಿ ನಗು ಇಟ್ಟುಕೊಂಡು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದೆ. ಆಮೇಲೆ, ಅಷ್ಟು ಮಂದಿಯ ಮುಂದೆ, ಆ ಮಾತು ಆಡಿದೆ.

"ಯಂತ್ರದಾಗ ಏನೂ ಐಬಿಲ್ರಿ. ಐಬು ಅತ್ತಿ ಕೈಯಾಗ ಐತಿ."

ಹಾಲಮ್ಮತ್ತೆ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹಿಟ್ಟು ಮೆತ್ತಿಕೊಂಡಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ನೋಡಿಕೊಂಡಳು. "ಇದ್ದೀತು ಬಿಡು" ಎಂದಳು.

ಮಾರನೆಯ ದಿನ ಡಾಕ್ಟರ ಬಳಿ ಹೋದಳು. ಡಾಕ್ಟರು ತಾನೇ ಏನು ಮಾಡಿಯಾರು? ಕೈ ಜುಮ್ಮೆನ್ನುತ್ತದೆ ಎಂದು ಬಂದವಳಿಗೆ ನರಕ್ಕೆ ಸೂಜಿ ಬರೆದುಕೊಟ್ಟರು. ರೇಣುಕಾ ಒಬ್ಬಳೇ ಹಂಚಿನ ಮುಂದೆ ನಿಂತಳು. ಹಾಲಮ್ಮತ್ತೆಗೆ ಹಿಂದಿನ ಕೋಣೆಯಲ್ಲಿ ಬಳ್ಳೊಳ್ಳಿ ಸುಲಿಯುವ ಕೆಲಸ ಕೊಟ್ಟರು.

ಶನಿವಾರ ಖಾನಾವಳಿಗೆ ರಜೆ. ಪೆಟ್ಟಿಗೆಯ ಧೂಳು ಹೊಡೆಯೋಣವೆಂದು ಹೋದೆ. ಗುರುಬಸಣ್ಣ ಬೀಗ ತೆಗೆದು ಸಂತೆಗೆ ಹೋದ. ನೆಲ ಆಗಷ್ಟೇ ತೊಳೆದಿತ್ತು, ಹೊಸ ಬೂಟು ಒದ್ದೆಯಾಗಬಾರದೆಂದು ಬಾಗಿಲಲ್ಲೇ ಬಿಚ್ಚಿಟ್ಟೆ. ಭಕ್ತಿಯಿಂದಲ್ಲ, ಬೂಟಿನ ಮೇಲಿನ ಪ್ರೀತಿಯಿಂದ. ಸ್ವಿಚ್ ಹಾಕಿ, ಹಂಚು ಕಾಯುವ ಮುನ್ನ ಅದರ ಮೇಲಿನ ಹಿಟ್ಟಿನ ಕಲೆಯನ್ನು ಒದ್ದೆ ಕೈಯಿಂದ ಉಜ್ಜಿದೆ.

ಜುಮ್!

"ಯವ್ವಾ!" ಎಂದು ಚೀರಿದ್ದು ಖಾಲಿ ಹಾಲಿನ ತುಂಬ ಮೊಳಗಿತು. ಮೊಳಕೈತನಕ ಇರುವೆ ಹತ್ತಿದ ಹಾಗಾಯಿತು. ಟೆಸ್ಟರ್ ತೆಗೆದು ಹಂಚಿಗೆ ಇಟ್ಟೆ. ದೀಪ ಕೆಂಪಗೆ ಹೊತ್ತಿತು. ಸಾಕೆಟ್ಟಿಗೆ ಇಟ್ಟೆ — ಅದಲುಬದಲು. ಅರ್ತಿನ ತೂತು ಖಾಲಿ. ನೆಲದ ಮೇಲೆ ಕೂತುಬಿಟ್ಟೆ. ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು: ಆಕೆಯ ಬರಿಗಾಲು, ಆಕೆಯ ಒದ್ದೆ ಅಂಗೈ, ನನ್ನ ಬೂಟು, ನನ್ನ ಮಾತು.

ಆಗಲೇ ಎದ್ದು ಆಕೆಯ ಮನೆಗೆ ಹೋಗಬೇಕಿತ್ತು. ಮೂರೇ ನಿಮಿಷದ ದಾರಿ. ಆದರೆ ಮರುದಿನ ಶಾಲು! ಶಾಲು ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಪೆಟ್ಟಿಗೆಯನ್ನೂ ಸೆನ್ಸರನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ದು, ಟ್ರಾನ್ಸ್‌ಫಾರ್ಮರ್ ಕೂಡಿಸಿದೆ. ಟ್ರಯಾಕಿನ ಗೇಟಿಗೂ ಚಿಪ್ಪಿಗೂ ನಡುವೆ ಆಪ್ಟೊ ಎಂಬ ಸಾಮಾನು ಇಟ್ಟೆ — ಅದರೊಳಗೆ ಈಚೆ ಒಂದು ಪುಟ್ಟ ದೀಪ, ಆಚೆ ಅದನ್ನು ನೋಡುವ ಕಣ್ಣು, ನಡುವೆ ತಂತಿಯೇ ಇಲ್ಲ, ಬೆಳಕಷ್ಟೇ ದಾಟುತ್ತದೆ. ಖಾನಾವಳಿಯ ಸಾಕೆಟ್ಟು ತಿದ್ದಿದೆ, ಹಂಚಿಗೆ ಅರ್ತ್ ಎಳೆದೆ. ಮೊದಲ ದಿನ ಮಾಡಬೇಕಾದುದನ್ನೆಲ್ಲ ಆರನೆಯ ದಿನ ಕಳ್ಳನಂತೆ ಮಾಡಿದೆ. ಸೋಪಿನ ಡಬ್ಬಿ ಸಾಲದೆ ಅದೀಗ ಟಿಫನ್ ಡಬ್ಬಿಯಷ್ಟು ದೊಡ್ಡದಾಗಿತ್ತು.

"ಇದ್ಯಾಕ್ರಿ ಇಷ್ಟ್ ದೊಡ್ಡದಾತು?" ಎಂದ ಗುರುಬಸಣ್ಣ.

"ಹೊಸ ಮಾಡೆಲ್ಲು" ಎಂದೆ. ಆತ ಖುಷಿಯಾಗಿಬಿಟ್ಟ.

ಶಾಲು ಹೊದಿಸಿದರು. ಹಾಲಮ್ಮತ್ತೆ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ಹೊಡೆದಳು — ಮೆಲ್ಲಗೆ, ರೋಗದ ಕೈಗಳಿಗೆ ನೋವಾಗದಂತೆ. ಅದನ್ನು ನೋಡಿದ ಮೇಲೂ ಹೇಳಲಿಲ್ಲ. ನಾಳೆ ಎಂದೆ. ನಾಳೆ ಹೋದರೆ ಆಕೆ ಚಹಾ ಕೊಟ್ಟಳು. ಚಹಾ ಕುಡಿದು ಬಂದೆ. ಹೀಗೆ ಎಷ್ಟೋ ಚಹಾ ಆದವು.

ಹೋಗಲಿ, ಆಕೆ ನನ್ನನ್ನು ಬೈದುಕೊಂಡು ಓಡಾಡಿದ್ದರೆ ಬದುಕುವುದು ಸುಲಭವಿತ್ತು. ಆಕೆ ಹೊಗಳತೊಡಗಿದಳು! "ನಮ್ಮ ಕೊಟ್ರೇಶನ ಯಂತ್ರ ಇರ್ಲಿಕ್ಕಂದ್ರ ನನ್ನ ರೋಗ ಗೊತ್ತ ಆಕ್ಕಿದ್ದಿಲ್ಲ. ಒಳಗಿಂದೊಳಗ ನರ ತಿಂದು ಹಾಕ್ತಿತ್ತು. ನನ್ನ ಜೀವ ಉಳಿಸ್ಯಾನ" ಎಂದು ಓಣಿಯ ನಲ್ಲಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಹೇಳಿದಳು. ಜುಮ್ಮೆನ್ನುವುದು ನಿಂತಿದ್ದು ಸೂಜಿಯಿಂದ, ಬಿಟ್ಟರೆ ಮತ್ತೆ ಬರುತ್ತದೆ ಎಂದು ನಂಬಿ ತಿಂಗಳಿಗೊಂದು ತಪ್ಪದೆ ಹಾಕಿಸಿಕೊಂಡಳು. ಡಾಕ್ಟರೇ ಸಾಕು ಎಂದರೂ ಬಿಡಲಿಲ್ಲ. ಮನೆಯಲ್ಲೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೈ ದಣಿಸಿದರೆ ನರ ಕೆಡುತ್ತದೆಂದು ಅಕ್ಕಪಕ್ಕದವರಿಂದ ರೊಟ್ಟಿ ತರಿಸಿಕೊಂಡು, ಅವು ಹಪ್ಪಳವೋ ಹಲಗೆಯೋ ಎಂದು ಗೊಣಗುತ್ತ ತಿಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಕೈ ಜೋಮು ಹಿಡಿಯುತ್ತದೆ ಎಂದ ಹೆಂಗಸರನ್ನೆಲ್ಲ ಖಾನಾವಳಿಗೆ ಕರೆತರತೊಡಗಿದಳು. ಆಕೆ ದೂರ ನಿಲ್ಲುತ್ತಿದ್ದಳು. ಬಂದವರು ಆರಿದ ಹಂಚಿಗೆ ಒದ್ದೆ ಕೈ ಇಡಬೇಕು, ರೇಣುಕಾ ಸ್ವಿಚ್ ಒತ್ತಬೇಕು; ಜುಮ್ಮೆಂದರೆ ರೋಗವಿದೆ ಎಂದರ್ಥ. ಕರೆಂಟಿಗೂ ಹಂಚಿಗೂ ನಡುವೆ ನಾನು ಗೋಡೆ ಕಟ್ಟಿದ ಮೇಲೆ ಅದು ಯಾರಿಗೆ ತಾನೇ ಜುಮ್ಮೆಂದೀತು? ಎಲ್ಲರೂ ನಿರೋಗಿಗಳೆಂದು ತೀರ್ಮಾನವಾಗಿ, ನಕ್ಕು, ಎರಡು ರೊಟ್ಟಿ ತಿಂದು ಹೋಗುತ್ತಿದ್ದರು. ಗುರುಬಸಣ್ಣನಿಗೆ ಬೇಡವೆನ್ನಲು ಕಾರಣವಿರಲಿಲ್ಲ.

ಎರಡು ತಿಂಗಳ ಹಿಂದೆ ಹಂಪಸಾಗರದಿಂದ ಒಬ್ಬ ಸೊಸೆ ತನ್ನ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಆ ಮುದುಕಿಗೆ ಎಂಬತ್ತರ ಮೇಲಿರಬೇಕು, ಎರಡೂ ಕೈ ಗಡಗಡ ನಡುಗುತ್ತಿದ್ದವು. ಹಂಚು ಮುಟ್ಟಿಸಿದರು. ಏನೂ ಇಲ್ಲ! ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಿತು. ನಾನು ಅಲ್ಲೇ ಫ್ಯಾನು ರಿಪೇರಿಗೆಂದು ಸ್ಟೂಲ್ ಹತ್ತಿ ನಿಂತಿದ್ದೆ. ಹಾಲಮ್ಮತ್ತೆ ಕೆಳಗಿನಿಂದ ನನ್ನನ್ನು ನೋಡಿ ನಗುತ್ತಲೇ ಹೇಳಿದಳು.

"ನೋಡಿದೇನೋ ಕೊಟ್ರಾ, ಎಂಬತ್ತರಾಕಿನೂ ಪಾಸು. ಊರಿಗೂರ ಪಾಸು, ನಾನೊಬ್ಬಾಕಿ ಫೇಲು."

ನಗುತ್ತಲೇ ಹೇಳಿದಳು, ಆದರೆ ಹೇಳಿದ ಮೇಲೆ ಬಳ್ಳೊಳ್ಳಿಯ ಮೊರ ಎತ್ತಿಕೊಂಡು ಬೇಗ ಒಳಗೆ ಹೋದಳು. ಸ್ಟೂಲಿನಿಂದ ಇಳಿದು ಹಿಂದಿನ ಕೋಣೆಗೆ ಹೋಗಿ ಆಕೆಯ ಎದುರು ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಟ್ರಯಾಕನ್ನೂ ಹೇಳಿದೆ, ಗೋಡೆಯನ್ನೂ ಹೇಳಿದೆ, ಬೂಟನ್ನೂ ಹೇಳಿದೆ, ಶಾಲನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ, ಕೈಗೆ ಸಿಕ್ಕಿದ್ದು ಎಸೆಯಬಹುದೆಂದು ಮೊರದ ಕಡೆ ಒಂದು ಕಣ್ಣೂ ಇಟ್ಟಿದ್ದೆ. ಆಕೆ ಒಂದು ಬಳ್ಳೊಳ್ಳಿ ಪೂರ್ತಿ ಸುಲಿದು ಮುಗಿಸಿದಳು.

"ಸೂಜಿ?" ಎಂದಳು.

"ಬೇಕಾಗಿದ್ದಿಲ್ಲ ಅತ್ತಿ."

"ಒಂದೂ?"

"ಒಂದೂ."

ಆಕೆ ಕೂತಲ್ಲೇ ಒಂದು ಸಲ ಸೊಂಟ ಸವರಿಕೊಂಡಳು. ನನಗೆ ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಆಮೇಲೆ ಆಕೆ ಕೇಳಿದಳು: "ಅವತ್ತು ನೀ ಆ ಮಾತಾಡಿದಾಗ ಉಣ್ಣಾಕ ಎಷ್ಟ್ ಮಂದಿ ಕುಂತಿದ್ರು, ನೆನಪೈತೇನು?"

ಇಲ್ಲ ಎಂದೆ. ಆಕೆಗೆ ನೆನಪಿತ್ತು. ಹನ್ನೊಂದು. ಹೆಸರು ಗೊತ್ತಿಲ್ಲ, ಮುಖವೂ ಅಷ್ಟಾಗಿ ಇಲ್ಲ, ಆದರೆ ಯಾರು ಎಷ್ಟು ರೊಟ್ಟಿಯವರು ಎಂಬುದು ಕರಾರುವಾಕ್ಕಾಗಿ ಗೊತ್ತು. ಐದು ವರ್ಷದ ಹಿಂದಿನ ಆ ಊಟದ ಹಾಲನ್ನು ಒಂದೊಂದೇ ಮೇಜಾಗಿ ಹೇಳಿದಳು. ಕೂಡ್ಲಿಗಿ ಆಫೀಸಿನವರು ಇಬ್ಬರು: ಒಬ್ಬ ಎರಡು ರೊಟ್ಟಿಯವ, ಇನ್ನೊಬ್ಬ ಎರಡೇ ಸಾಕೆಂದು ನಾಲ್ಕು ತಿನ್ನುವವ. ಕೊಟ್ಟೂರಿನ ಬಟ್ಟೆ ಅಂಗಡಿಯ ಅಣ್ಣತಮ್ಮಂದಿರು, ಮೂರು-ಮೂರು, ಒಣ ರೊಟ್ಟಿ ಬೇರೆ ಕಟ್ಟಿಸಿಕೊಳ್ಳುವವರು. ಹರಪನಹಳ್ಳಿ ಕಡೆಯ ನೀಲಗುಂದದವ, ಆರು ರೊಟ್ಟಿ, ಮಜ್ಜಿಗೆ ಮುಟ್ಟುವುದಿಲ್ಲ... ಹೀಗೆ ಹನ್ನೊಂದು.

"ಅಷ್ಟೂ ಮಂದಿ ಮುಂದ ಆ ಮಾತು ಅಂದಿಯಲ್ಲ, ಅದು ಸುಳ್ಳಂತ ಅಷ್ಟೂ ಮಂದಿಗೆ ಹೇಳಿ ಬಾ. ಆಮ್ಯಾಲ ನಮ್ಮ ಮನಿಗೆ ಉಣ್ಣಾಕ ಬಾ" ಎಂದಳು.

ಎರಡು ತಿಂಗಳಿಂದ ಅಂಗಡಿಗೆ ವಾರಕ್ಕೆರಡು ದಿನ ಬೀಗ ಹಾಕಿ ಬಸ್ಸು ಹತ್ತುತ್ತಿದ್ದೇನೆ. ಮೊದಲು ಗುರುಬಸಣ್ಣನಿಗೆ ಮತ್ತು ರೇಣುಕಾಳಿಗೆ ಹೇಳಿದೆ. ಗುರುಬಸಣ್ಣ ಅಂದಿನಿಂದ ನನ್ನನ್ನು ಬರೀ ಕೊಟ್ರೇಶ ಎನ್ನುತ್ತಾನೆ. ಕೂಡ್ಲಿಗಿಯ ನಾಲ್ಕು ರೊಟ್ಟಿಯವರು ಫೈಲಿನ ಮೇಲೆ ತಲೆಯಿಟ್ಟು ನಕ್ಕರು. "ಇದನ್ನ ಹೇಳಾಕ ಬಸ್ ಹತ್ತಿ ಬಂದೀರೇನ್ರಿ?" ಎಂದು ಕೇಳಿ, ಆಫೀಸಿನವರನ್ನೆಲ್ಲ ಕರೆದು ನನ್ನಿಂದ ಇನ್ನೊಂದು ಸಲ ಹೇಳಿಸಿದರು. ಹೇಳಿದೆ. ನೀಲಗುಂದದ ಆರು ರೊಟ್ಟಿಯವರಿಗೆ ನನ್ನ ಮಾತು ನೆನಪೇ ಇರಲಿಲ್ಲ. ಆದರೆ ಕಥೆ ಕೇಳಿ ಎದ್ದು ನಿಂತರು. "ಹಂಗಾರೆ ಐದು ವರ್ಷದಿಂದ ನಾವು ಆ ದಪ್ಪ ರೊಟ್ಟಿ ತಿಂದಿದ್ದು ನಿನ್ನಿಂದನಾ?" ಎಂದು ಅವರು ಬೈದಷ್ಟು ಯಾರೂ ಬೈದಿಲ್ಲ. ಬೈಗುಳ ತಿಂದು ಹೊರಬರುವಾಗ ಹೊಟ್ಟೆ ತುಂಬಿದ ಹಾಗಿತ್ತು.

ಹಾಲಮ್ಮತ್ತೆ ಈಗ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಸಪ್ಪಳ ನಮ್ಮ ಮನೆಗೆ ಕೇಳುತ್ತದೆ, ವಾಸನೆಯೂ ಬರುತ್ತದೆ. ಖಾನಾವಳಿಯ ಹಂಚಿನ ಮುಂದೆ ಮಾತ್ರ ನಿಲ್ಲುವುದಿಲ್ಲ. ಗುರುಬಸಣ್ಣ ಕರೆದರೆ, "ರೇಣುಕಾಗ ಮಕ್ಕಳದಾವ. ಆಕಿ ಜಾಗ ಕಸಗೊಳ್ಳಾಕ ನಾ ಬರಂಗಿಲ್ಲ" ಎಂದಳು. ನಾನು ಸತ್ಯ ಹೇಳಿದರೂ ಆ ಜಾಗ ಆಕೆಗೆ ಮರಳಲಿಲ್ಲ. ಐದು ವರ್ಷ ಕಳೆದರೆ ಕೆಲವು ತಪ್ಪುಗಳನ್ನು ಬಿಚ್ಚಿ ಮತ್ತೆ ಜೋಡಿಸಲು ಬರುವುದಿಲ್ಲ.

ಹನ್ನೊಂದರಲ್ಲಿ ಹತ್ತು ಮಂದಿ ಸಿಕ್ಕಿದ್ದಾರೆ. ಒಬ್ಬರು ಸಿಕ್ಕಿಲ್ಲ. ಈ ಬರಹ ಅವರಿಗಾಗಿ.

ನೀವು ಅಂದು ಹಡಗಲಿ ಬಸ್ಸಿಗೆ ಕಾದಿದ್ದವರು, ಬಾಗಿಲ ಪಕ್ಕದ ಮೇಜು, ಬಿಳಿ ಅಂಗಿ. ಹತ್ತು ಮಂದಿಯ ವಿವರ ಹೇಳುವಾಗ ನಗುತ್ತಿದ್ದ ಹಾಲಮ್ಮತ್ತೆ ನಿಮ್ಮದಕ್ಕೆ ಬಂದಾಗ ಬಳ್ಳೊಳ್ಳಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅವ ಎರಡು ಹಾಕಿಸಿಕೊಂಡಿದ್ದ. ನಿನ್ನ ಮಾತು ಕೇಳಿ ನನ್ನ ಕೈ ನೋಡಿದ. ಆಮ್ಯಾಲ ಎರಡನೇದನ್ನ ಅರ್ಧಾ ಬಿಟ್ಟು ಎದ್ದು ಹೋದ" ಎಂದಳು. ಮತ್ತೆ, "ನನ್ನ ಕೈ ರೊಟ್ಟಿ ಯಾರೂ ಬಿಟ್ಟಿದ್ದಿಲ್ಲೋ ಕೊಟ್ರಾ" ಎಂದಳು.

ನನ್ನ ಮಾತಿಗಿಂತ, ಸೂಜಿಗಿಂತ, ಆಕೆಯನ್ನು ಐದು ವರ್ಷ ಚುಚ್ಚಿದ್ದು ಆ ಅರ್ಧ ರೊಟ್ಟಿ. ಅದನ್ನು ನಾನು ಅಂದು ಗಮನಿಸಿಯೂ ಇರಲಿಲ್ಲ. ಸುಟ್ಟ ಬೆರಳನ್ನು ಜೇಬಿನಲ್ಲಿ ಮುಚ್ಚಿಡುವುದರಲ್ಲಿದ್ದೆ. ಹಡಗಲಿಯ ಬಸ್ ನಿಲ್ದಾಣದಲ್ಲಿ ಏಳು ಸಲ ನಿಂತು ಬಿಳಿ ಅಂಗಿಯವರನ್ನೆಲ್ಲ ಕೇಳಿದ್ದೇನೆ, ಮುಂದಿನ ವಾರವೂ ನಿಲ್ಲುತ್ತೇನೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ, ನೀವು ತಪ್ಪು ಮಾಡಿಲ್ಲ — ಹಾಗೆ ಏಳುವಂತೆ ಮಾಡಿದ್ದು ನಾನು. ಯಾವ ದಿನವಾದರೂ ಬನ್ನಿ. ಆಕೆಯ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಹೊಸಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಂಚಿನಿಂದ ಇಳಿದ ರೊಟ್ಟಿಯನ್ನು ಆಕೆಯ ಎದುರು ಕೂತು ಪೂರ್ತಿ ತಿನ್ನಿ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ನೀವು ತಿಂದು ಏಳುವವರೆಗೆ ನನಗೆ ಆ ಮನೆಯಲ್ಲಿ ಊಟವಿಲ್ಲ.